ಮುಗಿಯಿತು ಎಂದು ಗಂಟೆ ಹೊಡೆದವರು ಯಾರು?

ಕಳೆದ ಭಾನುವಾರ ನನ್ನ ಮೊಮ್ಮಗಳು ಹಳೆಯ ಅಲಮಾರಿ ತೆಗೆದು ಕುಳಿತಿದ್ದಳು. ಶಾಲೆಯಲ್ಲಿ ‘ಹಳೆಯ ವಸ್ತು ತನ್ನಿ’ ಎಂದಿದ್ದರಂತೆ. ಅಲ್ಲಿ ಅವಳಿಗೆ ಸಿಕ್ಕಿದ್ದು ಹಿತ್ತಾಳೆಯ ತಂಬಿಗೆಯಲ್ಲ, ನನ್ನಪ್ಪನ ಕಾಲದ ಗಡಿಯಾರವೂ ಅಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಬ್ಯಾಟರಿ ಸತ್ತ ಥರ್ಮಾಮೀಟರ್ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್.

ಆ ನೋಟ್‌ಬುಕ್ ನನ್ನದು. ಕೊರೊನಾ ಕಾಲದಲ್ಲಿ ದಿನಾಲೂ ಬರೆಯುತ್ತಿದ್ದೆ. ಗೆರೆ ಹೊಡೆದು ನಾಲ್ಕು ಮನೆ ಮಾಡಿದ್ದೆ: ತಾರೀಖು, ಜ್ವರ, ಆಕ್ಸಿಜನ್, ಬಂದವರು. ಮೊದಲ ಪುಟಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಮುಂದೆ ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಆಮೇಲೆ ‘ಬಂದವರು’ ಎನ್ನುವ ಮನೆ ಮಾತ್ರ ತುಂಬಿದೆ, ಉಳಿದವು ಖಾಲಿ. ಮೊಮ್ಮಗಳು ಕಡೆಯ ಸಾಲನ್ನು ಗಟ್ಟಿಯಾಗಿ ಓದಿದಳು:

“ಏಪ್ರಿಲ್ 2, 2022. ಬಂದವರು: ಅಕ್ಕ. ಒಳಗೆ ಬರಲಿಲ್ಲ.”

ಓದಿ ನನ್ನ ಮುಖ ನೋಡಿದಳು. “ಮುತ್ಯಾ, ಕಮಲಾಪುರದ ಆಯಿ ಯಾಕ ಒಳಗ ಬರ್ಲಿಲ್ಲ?”

ನಾನು ಕೇಳಿಸದವನಂತೆ ಕುಳಿತೆ. ಅವಳು ಬಿಡಲಿಲ್ಲ. “ಹೋಗ್ಲಿ, ಇದರ ಮುಂದ ಏನೂ ಬರ್ದಿಲ್ಲಲ್ಲ, ಅವತ್ತೇ ಕೊರೊನಾ ಮುಗೀತೇನು? ಮುಗೀತು ಅಂತ ಗಂಟಿ ಹೊಡದೋರು ಯಾರು?”

ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ ಎಂದು ನನಗೆ ಅನ್ನಿಸಿತು. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಮಕ್ಕಳೇ, ನಮ್ಮ ಮನೆ ಇರುವುದು ಕಲಬುರಗಿಯ ಸೇಡಂ ರಸ್ತೆಯ ಕಡೆ. ಜಿಮ್ಸ್ ಆಸ್ಪತ್ರೆ ಇದೇ ರಸ್ತೆಯಲ್ಲಿದೆ, ಇಎಸ್‌ಐ ಆಸ್ಪತ್ರೆಯೂ ಇದೇ ರಸ್ತೆಯಲ್ಲಿದೆ. ಹೀಗಾಗಿ ಕೊರೊನಾ ಶುರುವಾದದ್ದು ನಮಗೆ ಟಿ.ವಿ.ಯಿಂದ ತಿಳಿಯಬೇಕಾಗಿರಲಿಲ್ಲ, ಆಂಬುಲೆನ್ಸಿನ ಸದ್ದೇ ಹೇಳುತ್ತಿತ್ತು. ಭಾರತದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದು ನಮ್ಮ ಊರಿನವರದೇ. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೊರೊನಾ ಇತ್ತು ಎಂಬ ವರದಿ ಖಚಿತವಾದದ್ದು ಮಾರ್ಚ್ 12ಕ್ಕೆ. ಮನುಷ್ಯ ಹೋದ ಎರಡು ದಿನಕ್ಕೆ ಪರೀಕ್ಷೆಯ ಫಲ ಬಂತು. ಪರೀಕ್ಷೆ ಬೇಗ ಆಗಬೇಕು, ಊರಲ್ಲೇ ಆಗಬೇಕು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮುಂದೆ ಜಿಮ್ಸ್‌ನಲ್ಲೇ ಪರೀಕ್ಷಾಲಯ ಶುರುವಾಯಿತು.

ಹಾಗಾದರೆ ಶುರುವಿಗೆ ತಾರೀಖು ಇದೆ. ಮುಗಿದದ್ದಕ್ಕೆ?

ಶಾಲೆಯಲ್ಲಿ ಕಡೆಯ ಪೀರಿಯಡ್ ಮುಗಿದಾಗ ಜವಾನ ಗಂಟೆ ಹೊಡೆಯುತ್ತಾನೆ. ಎಲ್ಲ ತರಗತಿಗೂ ಒಂದೇ ಗಂಟೆ. ರೋಗದ ವಿಷಯದಲ್ಲಿ ಹಾಗಿಲ್ಲ. ಕೆಲವು ರೋಗಗಳಿಗೆ ಮಾತ್ರ ಕೊನೆಯ ಲೆಕ್ಕ ಸ್ಪಷ್ಟವಾಗಿದೆ. ಸಿಡುಬಿನ ಕತೆ ನಿಮ್ಮ ಅಜ್ಜ ಅಜ್ಜಿಯರಿಗೆ ಗೊತ್ತು, ಅವರ ತೋಳಿನ ಮೇಲೆ ದುಂಡಗಿನ ಲಸಿಕೆಯ ಗುರುತು ಇರಬಹುದು, ಕೇಳಿ ನೋಡಿ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. ಆದರೆ ಅಂದೇ ‘ಮುಗಿಯಿತು’ ಎಂದು ಯಾರೂ ಹೇಳಲಿಲ್ಲ. ಮತ್ತೆ ಎರಡು ವರ್ಷ ಮನೆಮನೆ ತಿರುಗಿ ಹುಡುಕಿದರು. ಸಿಡುಬು ಇದ್ದವರ ಸುಳಿವು ಕೊಟ್ಟವರಿಗೆ ಬಹುಮಾನ ಕೊಡುತ್ತೇವೆಂದು ಸಾರಿದರು, ಆ ಮೊತ್ತ ಸಾವಿರ ರೂಪಾಯಿಗೂ ಏರಿತು. ಸುಳಿವೇ ಸಿಗಲಿಲ್ಲ. 1977ರ ಏಪ್ರಿಲ್‌ನಲ್ಲಿ ಭಾರತ ಸಿಡುಬು ಮುಕ್ತ ಎಂದು ಒಪ್ಪಲಾಯಿತು. ಇಡೀ ಜಗತ್ತಿಗೆ ಅದೇ ಮಾತನ್ನು ಹೇಳಿದ್ದು 1980ರ ಮೇ 8ರಂದು.

ಎಬೊಲಾ ಎಂಬ ರೋಗಕ್ಕೆ ಇನ್ನೊಂದು ಲೆಕ್ಕ. ಅದು ಮೈಯೊಳಗೆ ಸೇರಿ ಹೊರಗೆ ಕಾಣಿಸಿಕೊಳ್ಳಲು ಹೆಚ್ಚೆಂದರೆ 21 ದಿನ ಬೇಕು. ಅದರ ಎರಡು ಪಟ್ಟು, ಅಂದರೆ 42 ದಿನ, ಹೊಸ ರೋಗಿ ಸಿಗದಿದ್ದರೆ ಆ ಹಾವಳಿ ಮುಗಿಯಿತು ಎನ್ನುತ್ತಾರೆ. ಎರಡು ಪಟ್ಟು ಏಕೆ? ಕಣ್ಣು ತಪ್ಪಿಸಿಕೊಂಡ ಒಬ್ಬ ರೋಗಿ ಎಲ್ಲೋ ಇದ್ದರೂ ಇರಬಹುದು ಎಂಬ ಎಚ್ಚರಿಕೆಗೆ.

ಕೊರೊನಾಕ್ಕೂ ಮೊದಲು ಇಂಥದೇ ಲೆಕ್ಕ ಹಾಕಿದ್ದರು. ರೋಗಿ ಸಿಕ್ಕ ಬಡಾವಣೆಯನ್ನು ತಗಡು, ಬೊಂಬು ಕಟ್ಟಿ ಮುಚ್ಚುತ್ತಿದ್ದುದು ನಿಮ್ಮ ತಂದೆತಾಯಿಗೆ ನೆನಪಿರಬೇಕು. ಕೊನೆಯ ರೋಗಿಯ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದ ಮೇಲೆ 28 ದಿನ ಹೊಸ ರೋಗಿ ಸಿಗಬಾರದು, ಆಗ ಕಟ್ಟು ಬಿಚ್ಚಬೇಕು ಎಂಬ ನಿಯಮ ಆರಂಭದಲ್ಲಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸಲೂ 24 ತಾಸಿನ ಅಂತರದಲ್ಲಿ ಎರಡು ಸಲ ‘ನೆಗೆಟಿವ್’ ಬರಬೇಕಿತ್ತು.

ಇಲ್ಲಿ ಒಂದು ತೊಡಕು ಬಂತು. ಆರ್‌ಟಿ-ಪಿಸಿಆರ್ ಪರೀಕ್ಷೆ ಬಹಳ ಸೂಕ್ಷ್ಮ. ವೈರಸ್ ಸತ್ತ ಮೇಲೂ ಅದರ ಚೂರುಪಾರು ಮೂಗಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಪರೀಕ್ಷೆ ಅದನ್ನೂ ಹಿಡಿಯುತ್ತದೆ. ಜಾತ್ರೆ ಮುಗಿದ ಮೇಲೆ ಬಯಲಲ್ಲಿ ಬಿದ್ದ ಚುರುಮುರಿ ಕಾಗದ ನೋಡಿ ‘ಜಾತ್ರೆ ಇನ್ನೂ ನಡೆದಿದೆ’ ಎಂದ ಹಾಗೆ! ಆರಾಮಾಗಿ ಓಡಾಡುವವರೂ ವರದಿಗೆ ಕಾಯುತ್ತ ಆಸ್ಪತ್ರೆಯ ಮಂಚ ಹಿಡಿದಿರುತ್ತಿದ್ದರು. 2020ರ ಮೇ 8ರಂದು ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಸೌಮ್ಯ ರೋಗವಿದ್ದವರು, ಲಕ್ಷಣ ಕಾಣಿಸಿ 10 ದಿನವಾಗಿ, ಮೂರು ದಿನ ಜ್ವರವಿಲ್ಲದಿದ್ದರೆ, ಮತ್ತೆ ಪರೀಕ್ಷೆಯಿಲ್ಲದೆ ಮನೆಗೆ ಹೋಗಬಹುದು ಎಂದಿತು.

ಆಗ ನನಗೆ ಇದು ಸಡಿಲಿಕೆ ಅನ್ನಿಸಿತ್ತು. ಈಗ ಯೋಚಿಸಿದರೆ ಬೇರೆ ಅನ್ನಿಸುತ್ತದೆ. ಯಾವುದೇ ಪರೀಕ್ಷೆಯನ್ನು ಮಾಡುವಾಗ ‘ಇದು ಯಾತಕ್ಕೆ?’ ಎಂದು ಕೇಳಬೇಕು. ಕೊರೊನಾ ಪರೀಕ್ಷೆಗೆ ಮೂರು ಕೆಲಸಗಳಿದ್ದವು. ಒಂದು, ಕಾಯಿಲೆಯವರನ್ನು ಗುರುತಿಸಿ ಔಷಧ ಕೊಡುವುದು. ಎರಡು, ಅವರಿಂದ ಇನ್ನೊಬ್ಬರಿಗೆ ಹೋಗದಂತೆ ಸರಪಳಿ ಕಡಿಯುವುದು. ಮೂರು, ಊರಲ್ಲಿ ರೋಗ ಎಷ್ಟಿದೆ ಎಂದು ಅಳೆಯುವುದು. ರೋಗ ಒಂದೆರಡು ಮನೆಯಲ್ಲಿದ್ದಾಗ ಎರಡನೆಯ ಕೆಲಸವೇ ದೊಡ್ಡದು. ಅದು ಊರಿಗೆಲ್ಲ ಹರಡಿ, ಬಹಳ ಜನ ಲಸಿಕೆಯನ್ನೂ ಹಾಕಿಸಿಕೊಂಡ ಮೇಲೆ ಸರಪಳಿ ಕಡಿಯುತ್ತೇನೆ ಎಂದರೆ ಹೊಳೆಗೆ ಅಡ್ಡ ಜರಡಿ ಹಿಡಿದ ಹಾಗೆ. ಆದರೆ ಮೊದಲನೆಯ ಮತ್ತು ಮೂರನೆಯ ಕೆಲಸ ಆಗಲೂ ಉಳಿಯುತ್ತವೆ.

2022ರ ಜನವರಿ 10ರಂದು ಐಸಿಎಂಆರ್ ಹೇಳಿದ್ದೂ ಇದೇ. ಲಕ್ಷಣವಿಲ್ಲದವರಿಗೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರಿಗೆ ಪರೀಕ್ಷೆ ಬೇಕಿಲ್ಲ. ರೋಗಿಯ ಸಂಪರ್ಕಕ್ಕೆ ಬಂದವರಲ್ಲೂ ವಯಸ್ಸಾದವರು, ಬೇರೆ ಕಾಯಿಲೆ ಇದ್ದವರು ಮಾತ್ರ ಮಾಡಿಸಿಕೊಂಡರೆ ಸಾಕು. ಅಂದರೆ ಪರೀಕ್ಷೆ ಎಲ್ಲರಿಂದ ಸರಿದು, ಅಪಾಯ ಹೆಚ್ಚಿರುವವರ ಕಡೆ ಹೋಯಿತು.

ಅಲ್ಲಿಯತನಕ ಗಡಿಯ ಜನ ಪಟ್ಟ ಪಾಡು ಕಡಿಮೆಯದಲ್ಲ. ನಮ್ಮ ಆಳಂದ, ಅಫಜಲಪುರದ ಆಚೆಗೇ ಮಹಾರಾಷ್ಟ್ರ. ಮಗಳನ್ನು ಆ ಕಡೆ ಕೊಟ್ಟವರು, ದುಡಿಯಲು ಮುಂಬೈ, ಪುಣೆಗೆ ಹೋದವರು ಇಲ್ಲಿ ಊರೂರಲ್ಲಿದ್ದಾರೆ. 2021ರಲ್ಲಿ ಮಹಾರಾಷ್ಟ್ರ, ಕೇರಳಗಳಿಂದ ಬರುವವರು 72 ತಾಸಿನೊಳಗಿನ ನೆಗೆಟಿವ್ ವರದಿ ತರಬೇಕಿತ್ತು. ದಕ್ಷಿಣದಲ್ಲಿ ಕಾಸರಗೋಡಿನ ಕನ್ನಡದ ಮಕ್ಕಳು ತಲಪಾಡಿ ದಾಟಿ ಮಂಗಳೂರಿಗೆ ಕಾಲೇಜಿಗೆ ಬರುತ್ತಾರೆ. ದಿನಾ ಓಡಾಡುವ ಅಂಥವರು 15 ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕಿತ್ತು. ರೋಗ ಏರುವಾಗ ಇಂಥ ನಿಯಮಕ್ಕೆ ಅರ್ಥವಿತ್ತು. ಆದರೆ ಜನ ಮತ್ತೆ ಮತ್ತೆ ಕೇಳುತ್ತಿದ್ದುದು ‘ಯಾಕೆ’ ಎಂದಲ್ಲ, ‘ಎಲ್ಲಿಯತನಕ’ ಎಂದು.

ಆ ಪ್ರಶ್ನೆಯನ್ನು ನನ್ನನ್ನೂ ಒಬ್ಬರು ಕೇಳಿದ್ದರು. ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ಕೊರೊನಾ ಆದೇಶಗಳ ಅವಧಿ ಮುಗಿಯಿತು. ಕೇಂದ್ರ ಸರ್ಕಾರ ಅವನ್ನು ಮುಂದುವರಿಸಲಿಲ್ಲ, ಮಾಸ್ಕ್ ಹಾಕಿ, ಕೈ ತೊಳೆಯಿರಿ ಎಂಬ ಸಲಹೆ ಉಳಿಸಿತು. ಎರಡೇ ದಿನಕ್ಕೆ, ಏಪ್ರಿಲ್ 2ಕ್ಕೆ, ಯುಗಾದಿ. ಕಮಲಾಪುರದಿಂದ ನನ್ನ ಅಕ್ಕ ಹೇಳದೆ ಕೇಳದೆ ಬಸ್ ಹತ್ತಿ ಬಂದಳು. ಎರಡು ವರ್ಷದಿಂದ ಹಬ್ಬಕ್ಕೆ ಕೂಡಿ ಉಂಡಿರಲಿಲ್ಲ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಸರ್ಕಾರವೇ ಬಿಟ್ಟಿತು ಅಂದ ಮೇಲೆ ತಮ್ಮನ ಮನೆಗೆ ಹೋಗಲು ಏನಡ್ಡಿ ಎಂದುಕೊಂಡಿದ್ದಳು.

ನಮ್ಮ ಮನೆಯಲ್ಲಿ ಅದು ಮುಗಿದಿರಲಿಲ್ಲ. ನನ್ನ ಹೆಂಡತಿಗೆ ಕೀಲುಗಳ ಊತ. ಅದಕ್ಕೆ ಕೊಡುವ ಗುಳಿಗೆ ನೋವು ಇಳಿಸುತ್ತದೆ, ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುತ್ತದೆ. ‘ಉಳಿದವರಿಗಿಂತ ನೀವು ಜಾಸ್ತಿ ದಿನ ಹುಷಾರಾಗಿರಬೇಕು’ ಎಂದು ವೈದ್ಯರು ಹೇಳಿದ್ದರು. ಎಷ್ಟು ದಿನ ಎಂದು ನಾನು ಕೇಳಿರಲಿಲ್ಲ. ಅಕ್ಕ ಗೇಟು ತೆಗೆಯುವಾಗಲೇ ನಾನು ಮನೆಯಲ್ಲಿ ಮಾಡುವ ಪರೀಕ್ಷೆಯ ಕಿಟ್ ಹಿಡಿದು ಹೊರಗೆ ಬಂದೆ. “ಅಕ್ಕಾ, ಅಲ್ಲೇ ನಿಲ್ಲು. ಮೊದ್ಲು ಇದೊಂದು ಮಾಡ್ಕೋ, ಕಾಲು ತಾಸು ಆಗ್ತದ” ಎಂದೆ.

ಎಪ್ಪತ್ತು ದಾಟಿದ ಹೆಂಗಸು. ಕಲಬುರಗಿಯ ಏಪ್ರಿಲ್ ಬಿಸಿಲು. ಅಕ್ಕ ಪಕ್ಕದ ಮನೆಯವರು ನೋಡುತ್ತಿದ್ದರು. ಅವಳು ಒಂದು ಮಾತೂ ಆಡಲಿಲ್ಲ. ಬಾಳೆಹಣ್ಣನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟಳು, ಸೆರಗು ಸರಿ ಮಾಡಿಕೊಂಡಳು, ಆಟೋ ಕೈಮಾಡಿ ನಿಲ್ಲಿಸಿ ಬಸ್ ಸ್ಟ್ಯಾಂಡಿಗೆ ಹೋದಳು. ನಾನು ಒಳಗೆ ಬಂದು ನೋಟ್‌ಬುಕ್ಕಿನಲ್ಲಿ ಆ ಸಾಲು ಬರೆದೆ. ಆಮೇಲೆ ಬರೆಯಲು ಕೈ ಬರಲಿಲ್ಲ. ನೋಟ್‌ಬುಕ್ ಮುಚ್ಚಿದೆ, ಆದರೆ ನಿಯಮ ಮುಚ್ಚಲಿಲ್ಲ. ಬೇವು ಬೆಲ್ಲ ಅಂದು ಬರೀ ಬೇವಾಗಿತ್ತು.

ಮುಂದೆ ಒಂದು ವರ್ಷ ಫೋನಿನಲ್ಲಿ “ಆರಾಮಿದ್ದೀಯೇನು?” “ಆರಾಮಿದ್ದೀನಿ” ಇಷ್ಟೇ. ಮಾತು ಅದರಾಚೆ ದಾಟುತ್ತಿರಲಿಲ್ಲ.

2023ರ ಮೇ 5, ಶುಕ್ರವಾರ. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರು ಕೊರೊನಾ ಇನ್ನು ಜಾಗತಿಕ ತುರ್ತು ಪರಿಸ್ಥಿತಿಯಲ್ಲ ಎಂದು ಘೋಷಿಸಿದರು. 2020ರ ಜನವರಿ 30ರಂದು ಹೊಡೆದ ಅಪಾಯದ ಗಂಟೆಯನ್ನು ನಿಲ್ಲಿಸಲು ಮೂರು ವರ್ಷದ ಮೇಲೆ ಮೂರು ತಿಂಗಳು ಹಿಡಿದಿತ್ತು. ಇದಕ್ಕಾಗಿ ತಜ್ಞರ ಸಮಿತಿಯೊಂದು ಮತ್ತೆ ಮತ್ತೆ ಕೂಡುತ್ತಿತ್ತು. ಒಟ್ಟು 15 ಸಭೆ. ಪ್ರತಿ ಸಲವೂ ಅದೇ ಪ್ರಶ್ನೆ: ಸಾವು ಇಳಿದಿವೆಯೇ? ಆಸ್ಪತ್ರೆಗಳು ಉಸಿರಾಡುತ್ತಿವೆಯೇ? ಜನರ ಮೈಯಲ್ಲಿ ತಡೆಯುವ ಶಕ್ತಿ ಬಂದಿದೆಯೇ? ‘ಇನ್ನೂ ಇಲ್ಲ’ ಎಂದು ಹಲವು ಸಲ ಹೇಳಿ, ಕಡೆಗೆ ‘ಹೌದು’ ಎಂದರು. ರೋಗ ಹೋಯಿತು ಎಂದು ಮಾತ್ರ ಹೇಳಲಿಲ್ಲ. ಅದು ಇರುತ್ತದೆ, ಅದರ ಜೊತೆ ಬಾಳುವುದನ್ನು ಕಲಿಯಬೇಕು ಎಂದರು. ಅಷ್ಟರಲ್ಲಿ ಲೆಕ್ಕಕ್ಕೆ ಬಂದ ಸಾವುಗಳೇ ಸುಮಾರು 70 ಲಕ್ಷ, ನಿಜವಾದ ಸಂಖ್ಯೆ ಕನಿಷ್ಠ 2 ಕೋಟಿ ಎಂದೂ ಟೆಡ್ರೋಸ್ ಹೇಳಿದರು.

ಪತ್ರಿಕೆಯಲ್ಲಿ ಓದಿ ಒಂದು ದಿನ ಸುಮ್ಮನಿದ್ದೆ. ಹೆಂಡತಿಯೇ ಹೇಳಿದಳು, “ಇನ್ನಾದ್ರೂ ಹೋಗಿ ಬರ್ರಿ. ನನ್ನ ಹೆಸರು ಹೇಳಿ ಎಷ್ಟು ದಿನ ಕೂಡ್ತೀರಿ?” ಭಾನುವಾರ ಹುಮನಾಬಾದ್ ಕಡೆಯ ಬಸ್ ಹತ್ತಿದೆ. ವಿಧಾನಸಭೆ ಚುನಾವಣೆಗೆ ಮೂರೇ ದಿನ ಉಳಿದಿತ್ತು, ದಾರಿಯುದ್ದಕ್ಕೂ ಪ್ರಚಾರದ ಗಾಡಿಗಳು. ಕಮಲಾಪುರದಲ್ಲಿ ಇಳಿದು ಅಕ್ಕನ ಮನೆಯ ಮುಂದೆ ನಿಂತೆ. ಒಳಗೆ ಹೋಗಲು ಧೈರ್ಯ ಸಾಲದೆ ಕಟ್ಟೆಯ ಮೇಲೇ ಕುಳಿತೆ.

ಅಕ್ಕ ಹೊರಗೆ ಬಂದಳು. ಒಂದು ಗಳಿಗೆ ನೋಡಿದಳು.

“ಯಾಕಪಾ ತಮ್ಮಾ, ದೊಡ್ಡ ಆಫೀಸಿನವರು ಹೇಳಿದ ಮ್ಯಾಲ ಅಕ್ಕನ ನೆನಪಾಯ್ತೇನು?”

ತಪ್ಪಾಯಿತು ಎಂದೆ. ಅವಳು ನೀರಿನ ಚರಿಗೆ ಕೊಟ್ಟು ಪಕ್ಕದಲ್ಲಿ ಕುಳಿತಳು. ಆಮೇಲೆ ಹೇಳಿದ ಮಾತು ನನ್ನ ನೆನಪಿನಲ್ಲಿ ಹಾಗೇ ಉಳಿದಿದೆ.

“ನೀ ಪರೀಕ್ಷಾ ಮಾಡ್ಕೋ ಅಂದದ್ದು ತಪ್ಪಲ್ಲ. ಮನ್ಯಾಗ ಆರಾಮಿಲ್ಲದಾಕಿ ಅದಾಳ, ನನಗ ತಿಳೀದಿಲ್ಲೇನು? ಮೊದ್ಲೇ ಫೋನಿನಾಗ ಹೇಳಿದ್ರ ಇಲ್ಲೇ ಮಾಡಿಸ್ಕೊಂಡು ಬರ್ತಿದ್ದೆ. ಇಲ್ಲಾ, ಹೊರಗ ಬೇವಿನ ಗಿಡದ ಕೆಳಗ ಕುರ್ಚಿ ಹಾಕಿದ್ರ ಅಲ್ಲೇ ಕುಂತು ಮಾತಾಡಿ ಬರ್ತಿದ್ದೆ. ನೀ ಗೇಟಿನಾಗ ನಿಲ್ಲಿಸಿದಿ. ಮತ್ತ ಯಾವಾಗ ಬರ್ಲಿ ಅಂತನೂ ಹೇಳ್ಲಿಲ್ಲ. ನಾ ವರ್ಷಗಟ್ಲೆ ಕಾದೀನಿ.”

ಸ್ವಲ್ಪ ಹೊತ್ತು ಬಿಟ್ಟು ನಮ್ಮ ಆಯಿಯ ಕತೆ ತೆಗೆದಳು. ಹಿಂದೆ ಪ್ಲೇಗು ಬಂದಾಗ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. “ಹೋಗೋಕಿಂತ ಮೊದ್ಲೇ ಹಿರ್ಯಾರು ಹೇಳ್ತಿದ್ರಂತ, ಇಲಿ ಸಾಯೋದು ನಿಂತು ಇಷ್ಟು ದಿನ ಆದ ಮ್ಯಾಲ ತಿರುಗಿ ಬರೋಣ ಅಂತ. ಬರೋ ದಿನ ಗೊತ್ತಿದ್ರ ಹೊರಗಿರೋದು ಕಷ್ಟ ಆಗಲ್ಲ, ತಮ್ಮಾ.”

ಸಿಡುಬಿನ ಎರಡು ವರ್ಷ, ಎಬೊಲಾದ 42 ದಿನ, ಬಡಾವಣೆಯ 28 ದಿನ, ಆಯಿಯ ಕಾಲದ ಸತ್ತ ಇಲಿ. ಎಲ್ಲದರಲ್ಲೂ ಇರುವುದು ಒಂದೇ ಬುದ್ಧಿ: ಬಾಗಿಲು ಹಾಕುವ ದಿನವೇ, ಏನಾದರೆ ತೆಗೆಯುತ್ತೇವೆ ಎಂಬುದನ್ನೂ ಹೇಳಬೇಕು. ಆಮೇಲೆ ಲೆಕ್ಕ ತಪ್ಪಬಹುದು, ಬದಲಿಸಬೇಕಾಗಬಹುದು. ಬದಲಿಸಿದರೆ ಅದನ್ನೂ, ಕಾರಣವನ್ನೂ ಹೇಳಬೇಕು. ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಗೆರೆ ಹೊಡೆದಿದ್ದೆ. ‘ಎಲ್ಲಿಯತನಕ’ ಎಂಬ ಐದನೆಯ ಮನೆ ಹಾಕಿರಲಿಲ್ಲ.

ಮೊಮ್ಮಗಳು ಎಲ್ಲ ಕೇಳಿ, “ಹಂಗಾರ ಸರ್ಕಾರ ಗಂಟಿ ಹೊಡೀತು, ನೀ ಯಾಕ ಹೊಡೀಲಿಲ್ಲ?” ಎಂದಳು.

ಒಂದೇ ಗಂಟೆ ಎಲ್ಲರಿಗೂ ಆಗುವುದಿಲ್ಲ ಎಂದು ಹೇಳಿದೆ. ಅವಳಿಗೇ ನೋಡಿ, ಒಂದನೇ ತರಗತಿ ಶುರುವಾದದ್ದು ಫೋನಿನಲ್ಲಿ. ಒಂದರಿಂದ ಐದನೇ ತರಗತಿಗೆ ರಾಜ್ಯದಲ್ಲಿ ಶಾಲೆ ತೆರೆದ 2021ರ ಅಕ್ಟೋಬರ್ 25ರಂದೇ ಅವಳ ಕೊರೊನಾ ಮುಗಿಯಿತು. ಅಂದು ಚೀಲ ಹಾಕಿಕೊಂಡು ಕುಣಿದದ್ದು ನನಗೆ ನೆನಪಿದೆ. ಅವಳ ಅಜ್ಜಿಗೆ ಅಂದು ಮುಗಿದಿರಲಿಲ್ಲ. ಗಟ್ಟಿಮುಟ್ಟಾದವರಿಗೆ ಬೇಗ ಮುಗಿಯಬೇಕು, ಅಶಕ್ತರಿಗೆ ತಡವಾಗಿ ಮುಗಿಯಬೇಕು. ಬರೀ ಗಟ್ಟಿಗರ ಮಾತು ಕೇಳಿದರೆ ಅಶಕ್ತರು ಒಂಟಿಯಾಗುತ್ತಾರೆ. ಭಯವೊಂದನ್ನೇ ಕೇಳಿದರೆ ಮಕ್ಕಳ ಶಾಲೆ ತೆರೆಯುವುದೇ ಇಲ್ಲ, ಅಕ್ಕ ಗೇಟಿನಲ್ಲೇ ನಿಲ್ಲುತ್ತಾಳೆ. ಅದಕ್ಕೇ ನಿಯಮ ಹೋದ ಮೇಲೂ ಕೆಲವು ಸಣ್ಣ ಎಚ್ಚರಿಕೆ ಉಳಿಯುತ್ತವೆ. ವಿದೇಶದಿಂದ ವಿಮಾನದಲ್ಲಿ ಬರುವವರಲ್ಲಿ ನೂರಕ್ಕೆ ಇಬ್ಬರನ್ನು ಪರೀಕ್ಷಿಸುವ ಪದ್ಧತಿ 2023ರ ಜುಲೈತನಕ ಇತ್ತು. ಬೆಂಗಳೂರಿನಂಥ ನಗರದಲ್ಲಿ ಒಬ್ಬರ ಮೂಗನ್ನೂ ಮುಟ್ಟದೆ, ಚರಂಡಿಯ ನೀರು ಪರೀಕ್ಷಿಸಿ ವೈರಸ್ ಎಷ್ಟಿದೆ ಎಂದು ನೋಡುವುದನ್ನೂ ಕಲಿತರು.

ನಮ್ಮ ಮನೆಯಲ್ಲೂ ಒಂದು ಉಳಿದಿದೆ. ಯಾರಿಗೇ ಕೆಮ್ಮು, ಜ್ವರ ಇದ್ದರೂ ಅಜ್ಜಿಯ ಕೋಣೆಗೆ ಹೋಗುವಂತಿಲ್ಲ. ಜ್ವರ ಬಿಟ್ಟು ಮೂರು ದಿನ ಆಗಬೇಕು, ಕೆಮ್ಮೂ ನಿಂತಿರಬೇಕು. ಈ ನಿಯಮವನ್ನು ಅಡುಗೆಮನೆಯ ಕ್ಯಾಲೆಂಡರಿನ ಕೆಳಗೆ ಬರೆದು ಅಂಟಿಸಿದ್ದೇವೆ. ಮುಗಿಯುವ ದಿನ ಅದರಲ್ಲೇ ಇದೆ, ಹಾಗಾಗಿ ಯಾರಿಗೂ ಸಿಟ್ಟಿಲ್ಲ. ಮೊನ್ನೆ ನನಗೇ ನೆಗಡಿಯಾಗಿ ಪಡಸಾಲೆಯಲ್ಲಿ ಮಲಗಿದೆ. ದಿನ ಎಣಿಸುವ ಕೆಲಸ ಮೊಮ್ಮಗಳದು. ಒಂದು ತಾಸೂ ಬಿಡಲಿಲ್ಲ!

ನೋಟ್‌ಬುಕ್ಕನ್ನು ಶಾಲೆಗೆ ಒಯ್ಯಲು ಕೇಳಿದಳು. ಒಯ್ಯಿ ಎಂದೆ. ಆದರೆ ಕಡೆಯ ಪುಟ ಹಾಗೇ ಇರುವುದು ಅವಳಿಗೆ ಸರಿ ಕಾಣಲಿಲ್ಲ. ಪೆನ್ನು ತಂದು ಕೊಟ್ಟಳು. ಸಂಜೆ ಅಕ್ಕ ಬರುವವಳಿದ್ದಳು. ಅವಳು ಬಂದು, ಚಪ್ಪಲಿ ಬಿಟ್ಟು, ಸೀದಾ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟ ಮೇಲೆ ಆ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ:

“ಬಂದವರು: ಅಕ್ಕ. ಒಳಗೆ ಬಂದಳು.”